ನೀರಿನ ನಕ್ಷೆಗೆ ಸಾಫ್ಟ್‌ವೇರ್ ಆರಿಸಿದ ಗುದ್ಲೆಪ್ಪ

ಹೂಂಗುಟ್ಟುವವರು ಮುಂದೆ ಬನ್ನಿ. ಆಕಳಿಸುವವರು ಈಗಲೇ ಎದ್ದು ಹೋಗಿ.

ಕಂಬಾರ ಓಣಿಯ ಫಕೀರವ್ವನಿಗೆ ಒಬ್ಬನೇ ಮಗ, ಗುದ್ಲೆಪ್ಪ. ಕಂಪ್ಯೂಟರ್ ಕಲಿತಿದ್ದ, ಬುದ್ಧಿ ಕಲಿತಿರಲಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವ. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ.

ಓಣಿಯ ನಳದಲ್ಲಿ ಮೂರು ತಿಂಗಳಿಂದ ಹನಿ ನೀರಿಲ್ಲ. ಸೋಮವಾರ ಪುರಸಭೆಯಲ್ಲಿ ಹೊಸ ಪೈಪಿನ ಸಭೆ. ಅಂದು ತಪ್ಪಿದರೆ ಇನ್ನೈದು ವರ್ಷ ತಪ್ಪಿತು. ಎಂಜಿನಿಯರರು ಪ್ರೊಜೆಕ್ಟರ್ ಹಚ್ಚಿ ಗೋಡೆಯ ಮೇಲೆ ಬಣ್ಣದ ಗೆರೆ ತೋರಿಸಿ ಪ್ರತಿ ಸಲ ಜನರ ಬಾಯಿ ಮುಚ್ಚಿಸುತ್ತಿದ್ದರು.

"ಗೆರಿಗೆ ಗೆರೀನ ಉತ್ತರ!" ಎಂದಳು ಫಕೀರವ್ವ. "ಮಂದಿ ಮುಂದ ನಕ್ಷೆ ಬರಿಯೋ ಸಾಫ್ಟ್‌ವೇರ್ ಆರಿಸ್ಕೊಂಡು ಬಾ. ಎಲ್ಲಾ ಇರಬೇಕು ಅದರಾಗ!"

ಗುದ್ಲೆಪ್ಪ ಎಲ್ಲಾ ಇರುವುದನ್ನೇ ತಂದ. ಓಣಿಯ ಮಹಿಳಾ ಸಂಘದ ಹೆಂಗಸರ ಮುಂದೆ ಬರೆಯಲು ಕೂತ. ಮರ ಇಟ್ಟ. ಮರಕ್ಕೆ ಕಾಗೆ ಇಟ್ಟ. ನಾಯಿ ಇಟ್ಟ. ನಾಯಿಗೆ ಬಾಲ ಇಟ್ಟ. ತಾಸಾಯಿತು, ನೀರಿನ ಟಾಕಿ ಮಾತ್ರ ಬರಲಿಲ್ಲ. ಹೆಂಗಸರು ಸೆರಗು ಕೊಡವಿ ಎದ್ದರು.

"ಥೂ, ದಡ್ಡ! ಕಾಗಿ ಯಾಕ್ ಬೇಕಿತ್ತಲೇ?"

"ಎಲ್ಲಾ ಇರಬೇಕು ಅಂದಿದ್ದೆಲ್ಲಬೇ ಯವ್ವಾ!"

"ಗೆರಿ ಎಳಿಯಾಕ ಬಂದ್ರ ಸಾಕು, ಅಂಥಾದ್ದು ತಾ! ಮಂದಿ ಏನು ಹೇಳತಾರ, ಅವರ ಕಣ್ಣ ಮುಂದ ಅದನ್ನ ಬರಿ!"

ಮರುದಿನ ಬರೀ ಗೆರೆ ಎಳೆಯುವ ಸಾಫ್ಟ್‌ವೇರ್ ಬಂತು. ತಾಯಿ ಮಗ ಓಣಿಯ ಕಷ್ಟ ಬರೆದು ತೋರಿಸಲು ವಾರ್ಡಿನ ಮೆಂಬರರ ಮನೆಗೆ ಹೋದರು.

"ಬಿಸಿಲು ಭಾಳ ಐತಿ" ಎಂದರು ಮೆಂಬರರು. ಗುದ್ಲೆಪ್ಪ ಸೂರ್ಯನನ್ನು ಬರೆದ.

"ನನಗ ಮೊಣಕಾಲ ನೋವು." ಮೊಣಕಾಲು ಬರೆದ.

"ಏನಿದು ಹುಚ್ಚಾಟ? ಏಳ್ರಿ ಮ್ಯಾಲ!" ಹುಚ್ಚನೊಬ್ಬ ಏಳುತ್ತಿರುವುದನ್ನೂ ಬರೆದ. ಮೆಂಬರರು ಬಾಗಿಲು ಹಾಕಿಕೊಂಡರು.

ಫಕೀರವ್ವ ಬೀದಿಯಲ್ಲೇ ಹಣೆ ಹಣೆ ಬಡಿದುಕೊಂಡಳು. "ನಾಳೆ ಸಭೆ ಐತೆಲೋ! ಬ್ಯಾಡಾದ್ದನ್ನ ಥಟ್ಟನೆ ಅಳಸೋದು ತಾರೋ! ನೀರು ಹೋಗೋ ದಾರಿ ಅಷ್ಟ ಉಳಸು, ಉಳಿದದ್ದು ತಗಿ!"

ಸೋಮವಾರ ಸಭೆ ತುಂಬಿತ್ತು. ಗುದ್ಲೆಪ್ಪನ ನಕ್ಷೆ ಗೋಡೆಯ ಮೇಲೆ ಬಿತ್ತು. ಟಾಕಿ, ಓಣಿ, ಗೆರೆ, ಎಲ್ಲ ಅಚ್ಚುಕಟ್ಟು. ಫಕೀರವ್ವನ ಎದೆ ಹಗುರಾಯಿತು. ಅಷ್ಟರಲ್ಲಿ ಮಗ ಮೈಕಿನಲ್ಲಿ ಕೇಳಿದ:

"ಮ್ಯಾದಾರ ಓಣಿಗೆ ನೀರು ಹೋಗತೈತೇನ್ರಿ?"

"ಎಲ್ಲೀದೋ ತಮ್ಮಾ!" ಎಂದರು ಜನ. ಥಟ್ಟನೆ ಅಳಿಸಿದ.

"ಕಂಬಾರ ಓಣಿಗೆ?"

"ಇಲ್ಲ!" ಅಳಿಸಿದ.

"ಅಯ್ಯ ನಮ್ಮ ಓಣೀನ ಹೋತಲ್ಲೋ!" ಎಂದು ಫಕೀರವ್ವ ಚೀರಿದಳು. ಅವನು ನಿಲ್ಲಲಿಲ್ಲ.

"ಪುರಸಭೆ ಅಧ್ಯಕ್ಷರ ಲಾಡ್ಜಿಗೆ?"

"ಹಗಲೂ ರಾತ್ರಿ!" ಎಂದಿತು ಇಡೀ ಸಭೆ.

ಗೋಡೆಯ ಮೇಲೆ ಉಳಿದದ್ದು ಒಂದೇ ಗೆರೆ. ಟಾಕಿಯಿಂದ ಲಾಡ್ಜಿಗೆ. ನೆಟ್ಟಗೆ.

ಅಧ್ಯಕ್ಷರ ಮುಖ ಕೆಂಪಾಯಿತು. "ಗ್ವಾಡಿ ಮ್ಯಾಲಿಂದ ಅದನ್ನ ಒರಸಲೇ!"

ಗುದ್ಲೆಪ್ಪ ಹೆಗಲ ಟವೆಲ್ಲು ತೆಗೆದು ಗೋಡೆ ಒರೆಸಿದ. ಗೆರೆ ಹೋಗಲಿಲ್ಲ. ತಿಕ್ಕಿದ. ಗೆರೆ ಅವನ ಬೆನ್ನ ಮೇಲೆ ಹತ್ತಿತು.

"ಯವ್ವಾ, ಒಣ ಬಟ್ಟಿಗೆ ಹೋಗವಲ್ದು. ನೀರು ಬೇಕು."

ಫಕೀರವ್ವನ ತಾಳ್ಮೆ ಕೆಟ್ಟಿತು. "ನನ್ನೇನ್ ಕೇಳ್ತಿ? ನೀರು ಎಲ್ಲಿಗೆ ಹೋಗೇತೋ ಅಲ್ಲಿಂದ ತಾ, ಹೋಗು!"

ಹೋಗು ಎಂದ ಮೇಲೆ ಹೋಗದೆ ಇರುತ್ತಾನೆಯೇ? ಮೇಜಿನ ಮೇಲಿದ್ದ ಅಧ್ಯಕ್ಷರ ತಂಬಿಗೆ ಎತ್ತಿಕೊಂಡು ಹೊರಟೇಬಿಟ್ಟ. ಫಕೀರವ್ವ ಅರೆಗಳಿಗೆ ನಿಂತಳು. ಆಮೇಲೆ ಸೆರಗು ಬಿಗಿದು ಅವನ ಹಿಂದೆ ನಡೆದಳು. ಓಣಿಯ ಹೆಂಗಸರೂ ಬೆನ್ನು ಹತ್ತಿದರು; ದಾರಿಯಲ್ಲಿ ತಮ್ಮ ತಮ್ಮ ಮನೆಗೆ ನುಗ್ಗಿ ಖಾಲಿ ಕೊಡ ಎತ್ತಿಕೊಂಡರು.

ಲಾಡ್ಜಿನ ಮ್ಯಾನೇಜರು ತಲೆಯೆತ್ತಿ ನೋಡಿದ. ಬಾಗಿಲಿನಿಂದ ಬಸ್‌ಸ್ಟ್ಯಾಂಡಿನವರೆಗೂ ಕೊಡ, ಕೊಡ, ಕೊಡ.

ಗುದ್ಲೆಪ್ಪ ಕೈ ಮುಗಿದು ಹೇಳಿದ: "ಗಾಬರಿ ಆಗಬ್ಯಾಡ್ರಿ ಸಾಹೇಬ್ರ. ಒಂದು ತಂಬಿಗಿ ಸಾಕು."