ವೀಣೆಯ ಸೋರೆಬುರುಡೆ

ನಂಜಮ್ಮ ತೀರಿಕೊಂಡ ಮೇಲೆ ಅವರ ವೀಣೆಯೂ ಹಳೆಯ ಸ್ವರದ ಪುಸ್ತಕವೂ ಅಟ್ಟ ಸೇರಿದವು. ಒಂದು ದಿನ ಬಸುರಿ ಇಲಿಯೊಂದು ಪುಸ್ತಕಕ್ಕೆ ಬಾಯಿ ಹಾಕಿತು.

“ತಡಿಯಮ್ಮ,” ಎಂದಿತು ವೀಣೆ. “ಇದರ ಜೊತೆ ಅಚ್ಚಾದವೆಲ್ಲ ಅಂಗಡಿಗಳಲ್ಲಿ ಪೊಟ್ಟಣವಾಗಿ ಹೋದವು. ಉಳಿದಿರೋದು ಇದೊಂದೇ.”

“ನನ್ನ ಮರಿಗಳು ಎಲ್ಲಿ ಮಲಗಬೇಕಕ್ಕ?”

“ನನ್ನ ಸೋರೆಬುರುಡೆ ಕೊರೆದು ಅದರೊಳಗೇ ಸಂಸಾರ ಹೂಡು.”

“ಅಯ್ಯೋ, ನೀನು ಕುಂಟಿಯಾಗ್ತೀಯಲ್ಲ!”

“ಸೋರೆ ಬಳ್ಳಿಯಲ್ಲಿ ಮತ್ತೆ ಬಿಡುತ್ತೆ. ಈ ಹಾಡುಗಳು ಯಾವ ಬಳ್ಳಿಯಲ್ಲಿ ಬಿಡ್ತವೆ?”

ಇಲಿ ಪುಸ್ತಕ ಬಿಟ್ಟು ಬುರುಡೆ ಹೊಕ್ಕಿತು.

ಎಷ್ಟೋ ಕಾಲದ ಮೇಲೆ ನಂಜಮ್ಮನ ಸೊಸೆ ವೀಣೆಗೆ ಹೊಸ ಬುರುಡೆ ಕಟ್ಟಿಸಿ, ಪುಸ್ತಕ ತೆರೆದಿಟ್ಟುಕೊಂಡು ನುಡಿಸಿದಳು. ಬೀದಿಯವರು ಬಾಗಿಲಿಗೆ ಬಂದು ನಿಂತರು.

“ಈ ಹಾಡು ನಂಜಮ್ಮನ ಜೊತೆಗೇ ಹೋಯಿತು ಅಂದುಕೊಂಡಿದ್ದೆವು!”

ವೀಣೆ ಬೀಗಿತು. “ಹೋಗೋಕೆ ನಾನು ಬಿಡಬೇಕಲ್ಲ!”