ಪೇಟಿ ಮಾಸ್ತರನ ಕಾರು

"ಅಜ್ಜಾರ, ನಿಮ್ಮ ಮುಂದ ಕುಂತಾಗ ಮನಸ್ಸು ಸುಮ್ಮನಿರ್ತೈತಿ. ನನ್ನ ಕೋಣಿಗೆ ಹೋಗಿ ಒಬ್ಬನ ಕುಂತ್ನಿ ಅಂದ್ರ ಒಳಗ ಏನೋ ಕಟಕಟ ಶುರುವಾಗ್ತೈತಿ. ಅದು ನಿಲ್ಲೂ ಹಂಗ ಒಂದು ಮಂತ್ರ ಕೊಡ್ರಿ," ಎಂದು ಶಿಷ್ಯ ಮುರಿಗೆಪ್ಪ ಗುರುಗಳನ್ನು ಕೇಳಿದ.

ಮುರಿಗೆಪ್ಪ ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ತನ್ನನ್ನು ಸಾಕಿ ಬೆಳೆಸಿದ ಅಕ್ಕನ ಜೊತೆ ಮಾತು ಬಿಟ್ಟು ಬಂದವನೆಂದು ಮಠದಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ವಿಷಯವನ್ನು ಅವನೂ ಎತ್ತುತ್ತಿರಲಿಲ್ಲ, ಗುರುಗಳೂ ಕೇಳಿರಲಿಲ್ಲ.

"ಮಂತ್ರ ಎಲ್ಲಿ ಓಡಿ ಹೋಗ್ತೈತಿ? ಕೊಡೂಣಂತ. ಮೊದಲ ಒಂದು ಕತಿ ಕೇಳು. ರಾಜ ಇಲ್ಲ, ರಾಣಿ ಇಲ್ಲ, ಒಂದು ಹಳೇ ಕಾರು ಐತಿ," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಪೇಟಿ ಮಾಸ್ತರನಿದ್ದ. ಊರೂರಿನ ಭಜನಾ ಮಂಡಳಿಗಳಿಗೆ ಹೋಗಿ, ಕೆಟ್ಟ ಪೇಟಿ, ಅಂದರೆ ಹಾರ್ಮೋನಿಯಂ, ಬಿಚ್ಚಿ, ಸ್ವರ ಸರಿಮಾಡಿ ಕೊಡುವುದು ಅವನ ಕೆಲಸ. ಅವನಿಗೊಬ್ಬ ಗೆಳೆಯ. ಅವನು ತಬಲಾ ಬಿಗಿದು ಶ್ರುತಿಗೆ ತರುವವನು. ಮಾಸ್ತರನ ಹಳೆಯ ಕಾರಿನಲ್ಲಿ ಇಬ್ಬರೂ ಸೇರಿ ತಿರುಗುತ್ತಿದ್ದರು. ಮಾಸ್ತರ ಓಡಿಸುತ್ತಿದ್ದ, ಗೆಳೆಯ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ, ಸಾಮಾನಿನ ಪೆಟ್ಟಿಗೆಗಳು ಹಿಂದೆ. ಹದಿನೆಂಟು ವರ್ಷ ಹೀಗೆ ನಡೆಯಿತು. ಮಾಸ್ತರ ಮದುವೆಯಾಗಿರಲಿಲ್ಲ. ಅವನಿಗೆ ಮನೆಯೆಂದರೆ ಆ ಕಾರು, ಮಂದಿಯೆಂದರೆ ಆ ಗೆಳೆಯ.

ಮಾಸ್ತರನ ಕಿವಿ ಬಹಳ ಚುರುಕು. ಪೇಟಿಯ ಒಂದು ಸ್ವರ ಕೂದಲೆಳೆಯಷ್ಟು ಇಳಿದಿದ್ದರೂ ಬೆರಳಿಟ್ಟು ತೋರಿಸುತ್ತಿದ್ದ. ಕಿವಿಯ ಜೊತೆಗೆ ಜಂಬವೂ ಬೆಳೆದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಒಂದು ಊರಿನಲ್ಲಿ ಗೆಳೆಯ ಬಿಗಿದ ತಬಲಾದ ಶ್ರುತಿ ಸ್ವಲ್ಪ ಏರಿತ್ತು. ಭಜನೆಯವರೆಲ್ಲ ಸುತ್ತ ಕೂತಿದ್ದರು. ಮಾಸ್ತರ ನಕ್ಕು, "ಇವನ ಕಿವಿ ಹೋಗ್ಯಾವ್ರೀ. ಇನ್ನ ಮ್ಯಾಲೆ ಇವನ ಕೈಯಾಗ ತಬಲಾ ಕೊಡಬ್ಯಾಡ್ರಿ," ಎಂದ. ಕಿವಿಯನ್ನೇ ನಂಬಿ ಉಣ್ಣುವವನಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಮಂದಿಯೂ ನಕ್ಕರು. ಗೆಳೆಯ ಹಿಂತಿರುಗುವಾಗ ತನ್ನೂರಿನ ಕ್ರಾಸಿನಲ್ಲಿ ಕಾರು ನಿಲ್ಲಿಸಲು ಹೇಳಿ, ಸುತ್ತಿಗೆಯ ಚೀಲ ತೆಗೆದುಕೊಂಡು ಇಳಿದ. ಮತ್ತೆ ಹತ್ತಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದು ಮಾಸ್ತರನಿಗೂ ತಿಳಿಯದ್ದಲ್ಲ. ಆದರೆ ತಾನು ಹೇಳಿದ್ದು ಸುಳ್ಳಲ್ಲವಲ್ಲ ಎಂದು ಗಟ್ಟಿಯಾಗಿ ಕೂತ. ಒಬ್ಬನೇ ಊರೂರು ತಿರುಗತೊಡಗಿದ. ಪೆಟ್ಟಿಗೆಗಳನ್ನು ಮೊದಲಿನಂತೆ ಹಿಂದೆಯೇ ಇಡುತ್ತಿದ್ದ. ಪಕ್ಕದ ಸೀಟಿನ ಮೇಲೆ ಏನನ್ನೂ ಇಡುತ್ತಿರಲಿಲ್ಲ. ಯಾಕೆ ಇಡುವುದಿಲ್ಲ ಎಂದು ತನ್ನನ್ನು ತಾನೇ ಕೇಳಿಕೊಂಡದ್ದೂ ಇಲ್ಲ.

ಸ್ವಲ್ಪ ದಿನಕ್ಕೆ ಕಾರಿನಲ್ಲಿ ಒಂದು ಸದ್ದು ಶುರುವಾಯಿತು. ವೇಗ ನಲವತ್ತು ದಾಟಿತೆಂದರೆ ಕಟಕಟ, ಕಟಕಟ. ಗೇರಿನ ಮೇಲಿಟ್ಟ ಕೈಗೂ ನಡುಕ ತಾಗುತ್ತಿತ್ತು. ಮಾಸ್ತರ ಆ ಸದ್ದಿನ ಲಯ ಹೇಳಬಲ್ಲ, ಸ್ವರ ಹೇಳಬಲ್ಲ. ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಹೇಳಲಾರ. ದಾರಿಯಲ್ಲಿ ಯಾರನ್ನಾದರೂ ಕೇಳೋಣವೆಂದರೆ ಪಕ್ಕದಲ್ಲಿ ಯಾರೂ ಇಲ್ಲ.

ಒಂದು ಗ್ಯಾರೇಜಿಗೆ ಹೋದ. ಅಲ್ಲಿಯ ಮಿಸ್ತ್ರಿ ಪಕ್ಕದಲ್ಲಿ ಕೂತು ಎರಡು ಮೈಲಿ ಓಡಿಸಲು ಹೇಳಿದ. ಸದ್ದೇ ಇಲ್ಲ. ಬಂದದ್ದಕ್ಕೆ ಇರಲಿ ಎಂದು ಇಂಜಿನ್ನಿನ ಕೆಳಗಿನ ರಬ್ಬರು ಬದಲಿಸಿ ಕಳಿಸಿದ. ಮಿಸ್ತ್ರಿ ಇಳಿದು ಕಾರು ರಸ್ತೆಗೆ ಬಿದ್ದದ್ದೇ ತಡ, ಕಟಕಟ. ಇನ್ನೊಂದು ಗ್ಯಾರೇಜಿನವನು ನಾಲ್ಕೂ ಚಕ್ರ ಬಿಚ್ಚಿ ಬೇರಿಂಗು ನೋಡಿದ. ಅವನು ಪಕ್ಕದಲ್ಲಿ ಕೂತಾಗಲೂ ಸದ್ದಿಲ್ಲ. ಮೂರನೆಯವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ ಬಹಳ ಹೊತ್ತು ಕೇಳಿದ. ಆಮೇಲೆ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬಂದು, "ಗಾಡಿ ಬರೋಬ್ಬರಿ ಐತ್ರೀ ಮಾಸ್ತರ. ನಿಮ್ಮ ಕಿವಿ ಒಮ್ಮೆ ಡಾಕ್ಟರಿಗೆ ತೋರಿಸ್ರಿ," ಎಂದ. ಅಲ್ಲಿದ್ದ ನಾಲ್ಕು ಮಂದಿ ನಕ್ಕರು.

ಮಾಸ್ತರ ಮನೆಗೆ ಬಂದು ಬಾಗಿಲು ಹಾಕಿಕೊಂಡು ಪೇಟಿಯ ಒಂದೊಂದೇ ಸ್ವರ ಒತ್ತಿ ಕೇಳಿದ. ಎಲ್ಲ ಸರಿಯಾಗಿಯೇ ಕೇಳಿಸಿತು. ಆದರೆ ಕೆಟ್ಟ ಕಿವಿಗೂ ಹಾಗೆಯೇ ಕೇಳಿಸುತ್ತದಲ್ಲವೇ ಎಂಬ ಸಂಶಯ ಹೊಕ್ಕಿತು. ಸರಿಯಿದೆ ಎಂದು ಹೇಳಲು ಇನ್ನೊಂದು ಕಿವಿ ಬೇಕು. ಆ ಇನ್ನೊಂದು ಕಿವಿಯನ್ನು ಅವನೇ ಕ್ರಾಸಿನಲ್ಲಿ ಇಳಿಸಿ ಬಂದಿದ್ದ. ಆ ತಿಂಗಳು ಬಂದ ಪೇಟಿಗಳನ್ನು ಮೈಯಲ್ಲಿ ಹುಷಾರಿಲ್ಲವೆಂದು ಹಾಗೆಯೇ ತಿರುಗಿ ಕಳಿಸಿದ. ಕಿವಿ ಹೋದರೆ ಅನ್ನವೂ ಹೋಯಿತು, ಹೆಸರೂ ಹೋಯಿತು.

ಕೊನೆಗೆ ಯಾರೋ ಹೇಳಿದರೆಂದು ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ಹೋದ. ಆ ಮುದುಕನ ಒಂದು ಮೊಣಕಾಲು ಮಡಚುತ್ತಿರಲಿಲ್ಲ. "ಮುಂದ ಕುಂತ್ರ ಕಾಲು ಹಿಡಸಂಗಿಲ್ರೀ," ಎಂದು ಅವನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ. ಕಾರು ನಲವತ್ತು ದಾಟಿತು. ಕಟಕಟ ಶುರುವಾಯಿತು.

"ಕೇಳಸ್ತೇನ್ರಿ?" ಎಂದ ಮಾಸ್ತರ.

"ಕೇಳಸ್ದ ಏನ್ರಿ? ನನ್ನ ಕಿವಿ ಗಟ್ಟಿ ಅದಾವ."

ಮಾಸ್ತರನ ಕಣ್ಣಿನಲ್ಲಿ ನೀರು ಬಂತು. ಮುದುಕ ಹಿಂದಿನಿಂದ ಕೈ ಚಾಚಿ ಮುಂದಿನ ಖಾಲಿ ಸೀಟನ್ನು ಅದುಮಿ ಹಿಡಿದ. ಸದ್ದು ನಿಂತಿತು. ಕೈ ತೆಗೆದ. ಸದ್ದು ಬಂತು. ಸೀಟಿನ ಕಾಲಿಗೆ ಹಾಕಿದ ನಟ್ಟು ಸಡಿಲಾಗಿತ್ತು, ಅಷ್ಟೇ. ಯಾರಾದರೂ ಕೂತರೆ ಅವರ ಭಾರಕ್ಕೆ ಸೀಟು ಅಲುಗುವುದಿಲ್ಲ. ಹುಡುಕಲು ಬಂದ ಮಿಸ್ತ್ರಿಗಳೆಲ್ಲ ಆ ಸೀಟಿನ ಮೇಲೆಯೇ ಕೂತು ಹುಡುಕಿದ್ದರು.

"ಈ ಸೀಟಿನ್ಯಾಗ ಮೊದಲ ಯಾರು ಕೂಡ್ತಿದ್ರಿ?" ಎಂದು ಮುದುಕ ಕೇಳಿದ.

"ಯಾರೂ ಇಲ್ಲ," ಎಂದ ಮಾಸ್ತರ.

ಹದಿನೆಂಟು ವರ್ಷ ಒಬ್ಬನೇ ಮನುಷ್ಯ ಕೂತು ತಗ್ಗು ಬಿದ್ದ ಸೀಟನ್ನು ಮುದುಕ ನೋಡಿದ, ಮಾಸ್ತರನನ್ನೂ ನೋಡಿದ. ಕಾರು ನಿಲ್ಲಿಸಲು ಹೇಳಿ ಕೆಳಗೆ ಬಗ್ಗಿ ನಟ್ಟಿಗೆ ಪಾನಾ ಹಾಕಿ ಬಿಗಿದುಬಿಟ್ಟ. ಅಂದಿನಿಂದ ಕಾರು ಮಗುವಿನ ಹಾಗೆ ಸುಮ್ಮನಾಯಿತು.

ಮಾಸ್ತರ ಗೆದ್ದೆನೆಂದುಕೊಂಡ. ಕಿವಿ ಸರಿಯಿತ್ತು, ಕೆಲಸ ಮತ್ತೆ ಹತ್ತಿತು. ಸದ್ದು ಇದ್ದಾಗ ದಾರಿಯಲ್ಲಿ ಹತ್ತು ಸಲವಾದರೂ ಪಕ್ಕಕ್ಕೆ ತಿರುಗಿ ನೋಡುತ್ತಿದ್ದ. ಈಗ ನೋಡುವ ಕಾರಣವಿರಲಿಲ್ಲ. ಗೆಳೆಯನ ಊರಿನ ಕ್ರಾಸನ್ನು ವಾರಕ್ಕೆರಡು ಸಲ ದಾಟುತ್ತಿದ್ದ, ಹಾಗೆಯೇ ಹೋಗುತ್ತಿದ್ದ. ಎರಡು ವರ್ಷ ಕಳೆಯಿತು.

ಮೂರನೆಯ ವರ್ಷ ಅವನಿಗೇ ತಡೆಯಲಾಗಲಿಲ್ಲ. ಎಲ್ಲ ಸರಿಯಿದ್ದೂ ಊಟ ಸೇರುತ್ತಿರಲಿಲ್ಲ. ಒಂದು ಮುಂಜಾನೆ ಕ್ರಾಸಿನಲ್ಲಿ ಕಾರು ತಿರುಗಿಸಿ ಗೆಳೆಯನ ಮನೆಗೆ ಹೋದ. ಗೆಳೆಯ ಕಟ್ಟೆಯ ಮೇಲೆ ಕೂತಿದ್ದ. ಮಾಸ್ತರ ಅವನ ಎದುರಿಗೆ ನಿಂತು, "ತಪ್ಪಾತು," ಎಂದ.

ಗೆಳೆಯ ನಕ್ಕ. "ಏನಂದಿ? ಹೋದ ವರ್ಷದ ಮಟ ಅಷ್ಟಿಷ್ಟು ಕೇಳ್ತಿತ್ತು. ಈಗ ಏನೂ ಕೇಳಂಗಿಲ್ಲೋ."

ಮಾಸ್ತರ ಮತ್ತೆ ಹೇಳಿದ. ಜೋರಾಗಿ ಹೇಳಿದ. ಕೂಗಿ ಹೇಳಿದ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಮಾಸ್ತರನ ತಪ್ಪು ಓಣಿಗೆಲ್ಲ ಕೇಳಿಸಿತು, ಕೇಳಬೇಕಾದವನಿಗೆ ಕೇಳಿಸಲಿಲ್ಲ. ಬರೆದು ತೋರಿಸೋಣವೆಂದರೆ ಗೆಳೆಯನಿಗೆ ಓದು ಬಾರದು. ಯಾವುದೋ ಊರಿನ ಸುದ್ದಿ ಹೇಳುತ್ತಿದ್ದಾನೆಂದು ತಿಳಿದು ಗೆಳೆಯ ತಲೆಯಾಡಿಸಿದ, ಚಹಾ ಕುಡಿದು ಹೋಗು ಎಂದ. ಮಾಸ್ತರ ಚಹಾ ಕುಡಿದ. ಒಬ್ಬನೇ ಕಾರು ಹತ್ತಿ ಮನೆಗೆ ಹೋದ. ದಾರಿಯುದ್ದಕ್ಕೂ ಕಾರಿನಲ್ಲಿ ಒಂದಿಷ್ಟೂ ಸದ್ದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ, "ಮತ್ತ ನನ್ನ ಮಂತ್ರ, ಅಜ್ಜಾರ?" ಎಂದ.

"ನಟ್ಟು ಬಿಗಿಯೋದು ನನಗೂ ಬರ್ತೈತಿ, ಮುರಿಗೆಪ್ಪ. ಬಿಗೀಲೇನು?"

ಮುರಿಗೆಪ್ಪ ಎದ್ದು, ಅಕ್ಕನ ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.