ಹೊಸತು ಉಣ್ಣುವ ಮುನ್ನ

“ಗುರುಗಳೇ, ಮನಸ್ಸಿನಲ್ಲಿ ಕೋಪವೇ ಇಲ್ಲದ ಮೇಲೆ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇನು?”

ಕೇಳಿದವನು ಮಠದ ಹಿರಿಯ ಶಿಷ್ಯ. ಆಶ್ವೀಜ ಮಾಸ ಹುಟ್ಟಿತ್ತು. ಹೊಸತಿಗೆ ಬರಬೇಕೆಂದು ಅವನ ಮನೆಯಿಂದ ಕರೆ ಬಂದಿತ್ತು. ಹೊಸತು ಎಂದರೆ ಆ ವರ್ಷದ ಮೊದಲ ಪೈರಿನ ಅಕ್ಕಿಯನ್ನು ಮನೆಯವರೆಲ್ಲ ಕೂಡಿ ಕೂತು ಉಣ್ಣುವ ಹಬ್ಬ. ಶಿಷ್ಯ ನಾಲ್ಕು ವರ್ಷದಿಂದ ಆ ಊಟಕ್ಕೆ ಹೋಗಿರಲಿಲ್ಲ. ಅಣ್ಣನೊಡನೆ ಮಾತು ಬಿಟ್ಟು ಮಠಕ್ಕೆ ಬಂದವನು ಅವನು.

“ಅಣ್ಣನನ್ನು ನಾನು ಎಂದೋ ಕ್ಷಮಿಸಿದ್ದೇನೆ. ಧ್ಯಾನಕ್ಕೆ ಕೂತಾಗ ಒಳಗೆಲ್ಲ ಹುಡುಕಿ ನೋಡಿದ್ದೇನೆ. ಎಲ್ಲೂ ಕೋಪ ಸಿಗಲಿಲ್ಲ. ಇನ್ನು ಅಷ್ಟು ದೂರ ಹೋಗಿ ಅವನ ಎದುರು ನಿಂತು ಹೇಳುವುದರಿಂದ ಹೆಚ್ಚೇನು ಆದೀತು?”

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. “ಕೋಪ ಜಾಣ. ಹುಡುಕುವವನ ಬೆನ್ನ ಹಿಂದೆಯೇ ನಡೆಯುತ್ತದೆ,” ಎಂದರು. ಆಮೇಲೆ ಈ ಕತೆ ಹೇಳಿದರು.

ಕರಾವಳಿಯ ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೊಬ್ಬ ತಮ್ಮ. ತಂದೆ ತೀರಿದ ಮೇಲೆ ಗದ್ದೆ ಪಾಲಾಯಿತು, ಒಲೆ ಎರಡಾಯಿತು. ಮನೆ ಮಾತ್ರ ಒಂದೇ ಉಳಿಯಿತು. ಅಂಗಳ ಒಂದೇ, ಬಾವಿ ಒಂದೇ. ಉಳುವ ಕೋಣಗಳ ಜೋಡಿಯೂ ಒಂದೇ. ಕೋಣಗಳನ್ನು ಒಬ್ಬನಿಗೊಂದರಂತೆ ಹಂಚಿಕೊಡಲು ಊರಿನ ಪಂಚರಿಗೆ ಕಷ್ಟವೇನೂ ಇರಲಿಲ್ಲ. ಒಂಟಿ ಕೋಣದಲ್ಲಿ ಉಳುವುದು ಹೇಗೆಂದು ಮಾತ್ರ ಅವರಿಗೂ ತಿಳಿಯಲಿಲ್ಲ. ಹಾಗಾಗಿ ಜೋಡಿಯನ್ನು ಸರದಿಯಂತೆ ಬಳಸಿಕೊಳ್ಳಿ ಎಂದು ಹೇಳಿ ಎಲೆಯಡಿಕೆ ಹಾಕಿಕೊಂಡು ಎದ್ದುಹೋದರು.

ಒಂದು ಮಳೆಗಾಲ ಅಣ್ಣ ಕೋಣಗಳನ್ನು ಹೇಳಿದ್ದಕ್ಕಿಂತ ಐದು ದಿನ ಹೆಚ್ಚು ಇಟ್ಟುಕೊಂಡ. ಅಷ್ಟರಲ್ಲಿ ತಮ್ಮನ ಸಸಿ ಬಲಿತುಹೋಯಿತು. ಬಲಿತ ಸಸಿ ನೆಟ್ಟರೆ ಬೆಳೆ ಅರ್ಧಕ್ಕರ್ಧ. ತಮ್ಮ ಒಂದು ಮಾತು ಅಂದ. ಅಣ್ಣ ಎರಡು ಅಂದ. ಮಾತಿಗೆ ಮಾತು ಬೆಳೆದು ಕೊನೆಗೆ ಮಾತೇ ನಿಂತುಹೋಯಿತು.

ಒಂದೇ ಸೂರಿನಡಿ ಮಾತು ಬಿಟ್ಟು ಬಾಳುವುದು ಸುಲಭವಲ್ಲ. ಮಠ ಸೇರಿದರೆ ಸುಲಭ. ಒಂದೇ ಮನೆಯಲ್ಲಾದರೋ ದಿನಕ್ಕೆ ಹತ್ತು ಸಲ ಎದುರಾಗಬೇಕು. ಅವರಿಬ್ಬರಿಗೆ ಆಗ ಒದಗಿದವಳು ತಾಯಿ.

“ಅಮ್ಮಾ, ಅವನಿಗೆ ಹೇಳು, ಕೋಣ ಹಗ್ಗ ಹರ್ಕೊಂಡಿತ್,” ಎನ್ನುವನು ಅಣ್ಣ. ತಮ್ಮ ಅಲ್ಲೇ ಒಂದು ಮಾರು ದೂರದಲ್ಲಿ ನಿಂತಿರುವನು. ತಾಯಿ ಅವನ ಕಡೆ ತಿರುಗಿ ಅದನ್ನೇ ಮತ್ತೊಮ್ಮೆ ಹೇಳುವವರೆಗೆ ಕದಲುತ್ತಿರಲಿಲ್ಲ. ಅಷ್ಟರಲ್ಲಿ ಕೋಣ ನೆರೆಯವರ ಗದ್ದೆಯಲ್ಲಿ ಅರ್ಧ ಊಟ ಮುಗಿಸಿರುತ್ತಿತ್ತು.

ತಾಯಿ ಬಹಳ ನಯದವಳು. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಒಬ್ಬನ ಮಾತಿನಿಂದ ಬೈಗುಳವನ್ನೆಲ್ಲ ಆರಿಸಿ ತೆಗೆದು ಇನ್ನೊಬ್ಬನಿಗೆ ದಾಟಿಸುತ್ತಿದ್ದಳು. ‘ಆ ರಾಕ್ಷಸನಿಗೆ ಹೇಳು’ ಎಂದು ಹೊರಟದ್ದು ‘ನಿನ್ನ ಅಣ್ಣ ಹೇಳ್ತಾ’ ಎಂದು ಹೋಗಿ ಮುಟ್ಟುತ್ತಿತ್ತು. ಮನೆ ಒಡೆಯಬಾರದೆಂದು ಅವಳು ಹಾಗೆ ಮಾಡಿದಳು. ಮನೆ ಒಡೆಯಲೂ ಇಲ್ಲ, ಕೂಡಲೂ ಇಲ್ಲ. ಹೀಗೆ ಏಳು ವರ್ಷ ನಡೆಯಿತು.

ಇಬ್ಬರೂ ಕೆಟ್ಟವರಲ್ಲ. ಊರಿನವರು ಕೇಳಿದರೆ ಅಣ್ಣ, “ನನಗೇನೂ ಕೋಪ ಇಲ್ಲ. ಅವನೇ ಬಂದು ಮಾತಾಡಲಿ,” ಎನ್ನುತ್ತಿದ್ದ. ತಮ್ಮನೂ ಅದನ್ನೇ ಎನ್ನುತ್ತಿದ್ದ. ಕೋಪವಿಲ್ಲದ ಇಬ್ಬರು ಏಳು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದರು.

ಅವರ ಕಡೆ ಹೊಸತಿಗೆ ಒಂದು ಕ್ರಮವಿದೆ. ಬೆಳಿಗ್ಗೆ ಗದ್ದೆಯಿಂದ ಕದಿರು ತಂದು ಬಾಗಿಲಿಗೆ, ನೇಗಿಲಿಗೆ, ಬಾವಿಕಟ್ಟೆಗೆ ಕಟ್ಟುತ್ತಾರೆ. ಆ ದಿನ ಒಲೆಗಳು ಎರಡಿದ್ದರೂ ಉರಿಯುವುದು ಒಂದೇ. ಮಧ್ಯಾಹ್ನ ಹೊಸ ಅಕ್ಕಿಯ ಅನ್ನ ಬಡಿಸಿದ ಮೇಲೆ ಯಾರೂ ಒಮ್ಮೆಗೇ ಕೈ ಹಾಕುವಂತಿಲ್ಲ. ಕಿರಿಯವನು ತನಗಿಂತ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, “ಹೊಸ್ತ್ ಉಣ್ತೆ”, ಅಂದರೆ ಹೊಸತು ಉಣ್ಣುತ್ತೇನೆ, ಎನ್ನಬೇಕು. ಅವರು “ಉಣ್ಣು” ಎನ್ನಬೇಕು. ಹಾಗೆ ಕಿರಿಯರಿಂದ ಹಿರಿಯರವರೆಗೆ ಎಲ್ಲರೂ ಕೇಳಿ ಮುಗಿದ ಮೇಲೆಯೇ ಮೊದಲ ತುತ್ತು. ಕೇಳದೆ ಎಲೆ ಬಿಟ್ಟು ಎದ್ದವನಿಗೆ ಆ ಮನೆಯ ಅನ್ನದ ಋಣ ಅಲ್ಲಿಗೆ ಮುಗಿಯಿತು. ಮುಂದೆ ಅವನು ಆ ಮನೆಗೆ ನೆಂಟನಷ್ಟೆ.

ಏಳು ವರ್ಷವೂ ತಮ್ಮನು ತಾಯಿಯ ಕಾಲು ಮುಟ್ಟಿ, “ಹೊಸ್ತ್ ಉಣ್ತೆ ಅಮ್ಮ. ಅವನಿಗೂ ಹೇಳು,” ಎಂದ. ತಾಯಿ ಅಣ್ಣನಿಗೆ ಹೇಳಿದಳು. “ಉಣ್ಲಿ,” ಎಂದು ಅಣ್ಣ ತಾಯಿಗೆ ಹೇಳಿದ. ಶಾಸ್ತ್ರವೂ ನಡೆಯಿತು, ಹಟವೂ ಉಳಿಯಿತು.

ಎಂಟನೆಯ ವರ್ಷ ಹಬ್ಬಕ್ಕೆ ಇನ್ನು ಎಂಟು ದಿನವಿದೆ ಎನ್ನುವಾಗ ತಾಯಿ ಜಗಲಿಯಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ಅಂಗಳದಲ್ಲಿ ಅಣ್ಣ ತಮ್ಮಂದಿರ ಮಕ್ಕಳು ಹೊಸತಿನ ಆಟ ಆಡುತ್ತಿದ್ದರು. ಹಲಸಿನ ಎಲೆಯ ಮೇಲೆ ಮರಳು ಬಡಿಸಿಕೊಂಡಿದ್ದರು. ತಮ್ಮನ ಮಗಳು ಪಕ್ಕದಲ್ಲೇ ಕೂತ ಅಣ್ಣನ ಮಗನ ಮುಖ ನೋಡಲಿಲ್ಲ. ಆಚೆ ಕೂತ ಪುಟ್ಟದೊಂದಕ್ಕೆ ಹೇಳಿದಳು: “ಅವನಿಗೆ ಹೇಳು, ನಾ ಹೊಸ್ತ್ ಉಣ್ತೆ.” ಅಣ್ಣನ ಮಗ ಗಂಭೀರವಾಗಿ, “ಉಣ್ಲಿ, ಹೇಳು,” ಎಂದ.

ಆ ಮಕ್ಕಳಲ್ಲಿ ಜಗಳವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಅದೇ ಆದ್ದರಿಂದ ಹೊಸತಿನ ಕ್ರಮವೇ ಹಾಗೆ ಎಂದು ತಿಳಿದಿದ್ದರು. ತಾಯಿಯ ಕೈಯ ಮೊರ ನಿಂತಿತು. ಇದನ್ನು ಕಲಿಸಿದವಳು ತಾನೇ ಎಂದು ಅವಳಿಗೆ ಹೊಳೆಯಿತು.

ಮಾರನೆಯ ದಿನದಿಂದ ತಾಯಿಗೆ ಕಿವಿ ಮಂದವಾಯಿತು.

ಅಣ್ಣ ತಮ್ಮ ಇಬ್ಬರೂ ಗಾಬರಿಯಾದರು. ಅಣ್ಣ ಬೆಳಿಗ್ಗೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟ. ತಮ್ಮ ಸಂಜೆ ಅದನ್ನೇ ಬಿಟ್ಟ. ಒಬ್ಬ ಬಿಟ್ಟದ್ದು ಇನ್ನೊಬ್ಬನಿಗೆ ತಿಳಿಯಲಿಲ್ಲ, ತಿಳಿಸಬೇಕಾದವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮುದುಕಿ ಎರಡು ಹೊತ್ತಿನ ಎಣ್ಣೆಯನ್ನೂ ಸುಮ್ಮನೆ ಬಿಡಿಸಿಕೊಂಡಳು.

ಹಬ್ಬದ ದಿನ ಬಂತು. ಕದಿರು ಕಟ್ಟಿದ್ದಾಯಿತು. ಮೊದಲ ಎಲೆಗೆ ತಾಯಿ ಕೂತಳು. ಪಕ್ಕದಲ್ಲಿ ಅಣ್ಣ, ಅವನ ಪಕ್ಕದಲ್ಲಿ ತಮ್ಮ, ಆಮೇಲೆ ಹೆಂಡಿರು ಮಕ್ಕಳು. ಹೊಸ ಅಕ್ಕಿಯ ಅನ್ನ ಬಡಿಸಿದರು. ಮಕ್ಕಳು ಹಿರಿಯರನ್ನೆಲ್ಲ ಕೇಳಿ ಮುಗಿಸಿದರು. ಹೆಂಗಸರೂ ಕೇಳಿ ಮುಗಿಸಿದರು. ತಮ್ಮನ ಸರದಿ ಬಂತು.

ಅವನು ತಾಯಿಯ ಕಾಲು ಮುಟ್ಟಿದ. ಅವಳು, “ಉಣ್ಣು ಮಗಾ,” ಎಂದಳು. ಕಾಲು ಮುಟ್ಟಿದರೆ ತಿಳಿಯುವುದಕ್ಕೆ ಕಿವಿ ಬೇಡ.

“ಅವನಿಗೂ ಹೇಳು,” ಎಂದ ತಮ್ಮ.

“ಎಂತ ಅಂದೆ?” ಎಂದಳು ತಾಯಿ.

ಅವನು ಗಟ್ಟಿಯಾಗಿ ಹೇಳಿದ. ಅವಳು ಕಿವಿಗೆ ಕೈ ಅಡ್ಡ ಹಿಡಿದಳು. ಇನ್ನೂ ಗಟ್ಟಿಯಾಗಿ ಹೇಳಿದ. ಹಟ್ಟಿಯಲ್ಲಿ ಕೋಣಗಳು ತಲೆ ಎತ್ತಿದವು. ಗದ್ದೆಯಿಂದ ಕೊಕ್ಕರೆಗಳು ಎದ್ದು ಹಾರಿದವು. ಒಂದು ಮೊಳ ದೂರದಲ್ಲಿ ಕೂತಿದ್ದ ಅಣ್ಣನಿಗೆ ಮಾತ್ರ ಏನೂ ಕೇಳಿಸಲಿಲ್ಲ. ಅವನು ಎಲೆಯ ಮೇಲಿನ ಉಪ್ಪನ್ನು ನೋಡುತ್ತಿದ್ದ.

ತಮ್ಮನು ಗದ್ದದಿಂದ ಅಣ್ಣನ ಕಡೆ ತೋರಿಸಿದ. ತಾಯಿ ಆ ಕಡೆ ನೋಡಿದಳು.

“ಹೌದ್ ಮಗಾ,” ಎಂದಳು. “ನಿನ್ನ ಅಣ್ಣ.”

ಅನ್ನದ ಹಬೆ ಅಡಗಿತು. ತಮ್ಮನಿಗೆ ಸಿಟ್ಟು ಬಂತು. ನಾಚಿಕೆಯೂ ಆಯಿತು. ಎದ್ದುಹೋಗುವುದೆಂದು ಒಂದು ಕೈ ನೆಲಕ್ಕೂರಿ ಅರ್ಧ ಎದ್ದ. ಎದ್ದರೆ ಮುಗಿಯಿತೆಂದು ಅವನಿಗೂ ಗೊತ್ತಿತ್ತು, ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಗ ಅವನ ಮಗಳು ಅಪ್ಪನಿಗೆ ಸಹಾಯ ಮಾಡಲು ಬಾಯಿ ಹಾಕಿದಳು: “ಅಪ್ಪಯ್ಯಾ, ದೊಡ್ಡಪ್ಪನಿಗೆ ನಾ ಹೇಳ್ಲಾ?”

ಅವನು ಮಗಳ ಮುಖ ನೋಡಿದ. ಅವಳು ತಯಾರಾಗಿ ಕೂತಿದ್ದಳು. ತಾಯಿ ಏಳು ವರ್ಷ ಮಾಡಿದ ಕೆಲಸಕ್ಕೆ ಇನ್ನೊಬ್ಬಳು ಸಿದ್ಧವಾಗಿದ್ದಳು.

ಅವನು ಮತ್ತೆ ಕೂತ. ಪಕ್ಕಕ್ಕೆ ತಿರುಗಿದ. ಬಾಯಿ ಎರಡು ಸಲ ತೆರೆಯಿತು, ಮೂರನೆಯ ಸಲ ದನಿ ಬಂತು.

“ಅಣ್ಣಾ, ಹೊಸ್ತ್ ಉಣ್ತೆ.”

ಏಳು ವರ್ಷದಿಂದ ಆ ರೈತನನ್ನು ಯಾರೂ ಅಣ್ಣಾ ಎಂದು ಕರೆದಿರಲಿಲ್ಲ. ಊರಿನಲ್ಲಿ ಅವನಿಗೆ ಬೇರೆ ಹೆಸರುಗಳಿದ್ದವು, ಗೌರವವೂ ಇತ್ತು. ಹಾಗೆ ಕರೆಯಬಲ್ಲವನು ಮಾತ್ರ ಒಬ್ಬನೇ ಇದ್ದ. ತನಗೆ ಕೋಪವಿಲ್ಲವೆಂದು ಊರಿಗೆಲ್ಲ ಹೇಳುತ್ತಿದ್ದ ಆ ಮನುಷ್ಯ ಕೋಪ ಗಂಟಲಿನಿಂದ ಇಳಿಯುವುದನ್ನು ಆಗ ಕಂಡ. ಇಳಿದಾಗಲೇ ಅದು ಅಷ್ಟು ದಿನ ಅಲ್ಲಿತ್ತೆಂದು ಅವನಿಗೆ ತಿಳಿದದ್ದು. ಅವನ ಕಣ್ಣು ತುಂಬಿತು.

“ಉಣ್ಣು,” ಎಂದ. “ತಣ್ಣಗಾಯ್ತ್.”

ಇನ್ನು ಅವನೊಬ್ಬ ಉಳಿದ. ಅವನು ಕೇಳಬೇಕಾದದ್ದು ತಾಯಿಯನ್ನು. ಕಾಲು ಮುಟ್ಟುವುದನ್ನೂ ಮರೆತ. ತಲೆ ತಗ್ಗಿಸಿಕೊಂಡೇ, ಪಕ್ಕದ ತಮ್ಮನಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, “ಅಮ್ಮಾ, ಹೊಸ್ತ್ ಉಣ್ತೆ,” ಎಂದ.

“ಉಣ್ಣು ಮಗಾ,” ಎಂದಳು ತಾಯಿ ತಕ್ಷಣ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನಕ್ಕುಬಿಟ್ಟ.

“ಹಾಗಾದರೆ ಆ ಮುದುಕಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು!”

ಗುರುಗಳು ಹೊಸೆದ ಬತ್ತಿಯನ್ನು ದೀಪಕ್ಕೆ ಇಟ್ಟರು. ಶಿಷ್ಯ ನಗು ನಿಲ್ಲಿಸಿದ. ಆಮೇಲೆ ಕೈ ಮುಗಿದ.

“ಅರ್ಥವಾಯಿತು ಗುರುಗಳೇ. ಈ ಸಲ ಹೊಸತಿಗೆ ಹೋಗುತ್ತೇನೆ. ಆದರೆ ಮೊದಲ ಮಾತು ನನ್ನಿಂದಾಗದು. ನೀವು ಹೇಳಿದರೆ ಅಣ್ಣ ತಲೆಬಾಗುತ್ತಾನೆ. ನನ್ನ ಮನಸ್ಸಿನಲ್ಲಿ ಏನೂ ಉಳಿದಿಲ್ಲವೆಂದು ಅವನಿಗೆ ನೀವೇ ಒಂದು ಮಾತು ಹೇಳಿಕಳಿಸಿ.”

ಗುರುಗಳು ಕಿವಿಗೆ ಕೈ ಅಡ್ಡ ಹಿಡಿದು ಹೇಳಿದರು: “ಈಚೆಗೆ ನನಗೂ ಕಿವಿ ಮಂದವಾಗಿದೆ, ಮಗೂ.”